ಮಾರಿದ ಮೇಲೂ ಮಾತಾಡಿದ ಟ್ಯಾಗ್

2018ರಲ್ಲಿ ಬೆಂಗಳೂರಿನ ಒಂದು ದೊಡ್ಡ ಬಟ್ಟೆ ಅಂಗಡಿಯ ಸ್ಟಾಕ್ ವಿಭಾಗ ನನ್ನ ಕೈಯಲ್ಲಿತ್ತು. ಆ ಅಂಗಡಿಯ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನನ್ನಿಂದಾಗಿ ತಲೆತಗ್ಗಿಸಿ ನಿಲ್ಲಬೇಕಾಯಿತು. ಅದನ್ನು ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ಆ ವರ್ಷ ಪ್ರತಿ ಉಡುಪಿನ ಒಳಹೊಲಿಗೆಗೂ ಆರ್‌ಎಫ್‌ಐಡಿ ಟ್ಯಾಗ್ ಸೇರಿಸಿದ್ದೆವು. ಬೆರಳಗಲದ ಪಟ್ಟಿ, ಒಳಗೆ ಸಾಸಿವೆಗಿಂತ ಸಣ್ಣ ಚಿಪ್. ಬ್ಯಾಟರಿ ಬೇಕಿಲ್ಲ. ರೀಡರ್ ಕಳಿಸುವ ರೇಡಿಯೊ ತರಂಗದ ಶಕ್ತಿಯಿಂದಲೇ ಅದು ಎಚ್ಚೆತ್ತು ತನ್ನ ಸಂಖ್ಯೆ ಹೇಳುತ್ತದೆ. ಬಾರ್‌ಕೋಡ್ ನೋಡಿದರೆ ಇದು ಇಂಥ ಅಳತೆಯ ನೀಲಿ ಕುರ್ತಾ ಎಂದಷ್ಟೇ ಗೊತ್ತಾಗುತ್ತದೆ. ಟ್ಯಾಗಿನಲ್ಲಿ ಒಂದೊಂದು ಕುರ್ತಾಕ್ಕೂ ಅದರದ್ದೇ ಸಂಖ್ಯೆ. ಎರಡು ದಿನ ಹಿಡಿಯುತ್ತಿದ್ದ ಸ್ಟಾಕ್ ಎಣಿಕೆ ಅರ್ಧ ದಿನದಲ್ಲಿ ಮುಗಿಯಿತು. ಮಾಲೀಕರು ಬೆನ್ನು ತಟ್ಟಿದರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಬಿಲ್ಲಿನ ಮೊಬೈಲ್ ನಂಬರಿಗೆ ಟ್ಯಾಗಿನ ಸಂಖ್ಯೆಯನ್ನೂ ಜೋಡಿಸೋಣ, ಹಳೆಯ ಗಿರಾಕಿ ಮತ್ತೆ ಬಂದರೆ ಬಾಗಿಲ ರೀಡರೇ ಗುರುತು ಹಿಡಿಯಲಿ ಎಂದು ಸೂಚಿಸಿದವನು ನಾನೇ. ಈ ಟ್ಯಾಗುಗಳಿಗೆ ‘ಕಿಲ್’ ಎಂಬ ಆಜ್ಞೆಯಿದೆ. ಪಾಸ್‌ವರ್ಡ್ ಕೊಟ್ಟು ಅದನ್ನು ಕಳಿಸಿದರೆ ಚಿಪ್ ಶಾಶ್ವತವಾಗಿ ಸುಮ್ಮನಾಗುತ್ತದೆ.

“ಸಾರ್, ಬಿಲ್ ಆದ್ಮೇಲೆ ಕಿಲ್ ಮಾಡ್ಬೇಕಲ್ವಾ?” ಎಂದು ಕೌಂಟರಿನ ಹುಡುಗ ಕೇಳಿದ್ದ.

“ಬೇಡ, ಬಟ್ಟೆ ವಾಪಸ್ ಬಂದ್ರೆ ಬೇಕಾಗುತ್ತೆ” ಎಂದೆ. ಅದು ಅರ್ಧ ಸತ್ಯ. ಗಿರಾಕಿಯ ಜಾಡು ಕೈತಪ್ಪಬಾರದು ಎಂಬುದು ಉಳಿದರ್ಧ.

ಗೊತ್ತಿಲ್ಲದೆ ಮಾಡಿದೆ ಎನ್ನುವಂತಿಲ್ಲ. ಜರ್ಮನಿಯ ರೈನ್‌ಬರ್ಗ್‌ನಲ್ಲಿ ಮೆಟ್ರೊ ಕಂಪನಿ 2003ರಲ್ಲಿ ತೆರೆದ ‘ಭವಿಷ್ಯದ ಅಂಗಡಿ’ಯ ಕಥೆ ಓದಿದ್ದೆ. ಗಿರಾಕಿಗಳ ಕಾರ್ಡಿನೊಳಗೂ ಇಂಥ ಚಿಪ್ ಇದೆಯೆಂದು ಮರುವರ್ಷ ಬಯಲಾದಾಗ ಪ್ರತಿಭಟನೆ ಎದ್ದಿತು, ಕಂಪನಿ ಆ ಕಾರ್ಡುಗಳನ್ನು ಹಿಂಪಡೆಯಿತು. ಅದು ಅಲ್ಲಿನವರ ಅತಿ ಎಂದುಕೊಂಡೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತ್ತು. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೂ ಸರ್ಕಾರಕ್ಕೆ ಹೇಳಿದ ಮಾತು, ನಮ್ಮ ಅಂಗಡಿಗಲ್ಲ ಎಂದುಕೊಂಡೆ.

ದೀಪಾವಳಿಯ ಹಿಂದಿನ ಭಾನುವಾರ ಆ ಹೆಣ್ಣುಮಗಳು ತನ್ನ ಮಗಳಿಗೆ ಫ್ರಾಕ್ ಕೊಳ್ಳಲು ಬಂದಳು. ಪರದೆಯ ಮೇಲೆ ನಮ್ಮ ಹಳೆಯ ಗಿರಾಕಿಯೊಬ್ಬರ ಹೆಸರು ಮೂಡಿತು. ಸೇಲ್ಸ್ ಹುಡುಗಿ ನಗುತ್ತಾ ಆ ಹೆಸರು ಹಿಡಿದು ಸ್ವಾಗತಿಸಿದಳು. “ನಾನು ಅವರಲ್ಲ” ಎಂದಳು ಆಕೆ. ಸೆಕ್ಯುರಿಟಿಯವನು ಹತ್ತಿರ ಬಂದು, “ಮತ್ತೆ ಈ ಕುರ್ತಾ ನಿಮಗೆಲ್ಲಿ ಸಿಕ್ತು?” ಎಂದು ಕೇಳಿದ.

“ನಾನು ಕೆಲಸ ಮಾಡೋ ಮನೆ ಅಮ್ಮ ಕೊಟ್ಟಿದ್ದು ಸಾರ್. ಬೇಕಾದ್ರೆ ಫೋನ್ ಮಾಡಿ ಕೇಳಿ” ಎಂದು ಆಕೆ ನನ್ನತ್ತ ತಿರುಗಿದಳು. ಮಗಳು ತಾಯಿಯ ದುಪಟ್ಟಾ ಹಿಡಿದು ನಿಂತಿದ್ದಳು.

ನಾನು ಫೋನ್ ಮಾಡಿದೆ. ಕ್ಷಮೆ ಕೇಳಿ ಒಳಗೆ ಕರೆಯಬೇಕಾದವನು ಆಕೆಯ ಮಾತಿಗಿಂತ ಪರದೆಯನ್ನು ನಂಬಿದೆ. “ಹೌದು, ನಾನೇ ಕೊಟ್ಟೆ” ಎಂದರು ಆ ಗಿರಾಕಿ. ಒಂದು ಕ್ಷಣ ತಡೆದು, “ಅವಳು ಏನು ಹಾಕ್ಕೊಂಡಿದ್ದಾಳೆ ಅಂತ ನಿಮಗೆ ಹೇಗೆ ಗೊತ್ತಾಯ್ತು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಫೋನಿಡುವಷ್ಟರಲ್ಲಿ ತಾಯಿ ಮಗಳು ಹೊರಟುಹೋಗಿದ್ದರು.

ನಮ್ಮ ಮನೆಗಳಲ್ಲಿ ಬಟ್ಟೆ ಒಬ್ಬರ ಮೈಮೇಲೆ ಸವೆಯುವುದಿಲ್ಲ. ಅಕ್ಕನದು ತಂಗಿಗೆ, ಅಲ್ಲಿಂದ ಕೆಲಸದವರ ಮನೆಗೆ ಹೋಗುತ್ತದೆ. ಅದನ್ನು ತಿಳಿದೂ ನಾನು ಬಟ್ಟೆಯ ಗುರುತನ್ನು ಮನುಷ್ಯರ ಗುರುತು ಮಾಡಿದೆ. ದುಡ್ಡು ಎಣಿಸಿಕೊಂಡ ಮೇಲೆ ಆ ವಸ್ತುವಿನ ಮೇಲೆ ಅಂಗಡಿಗೆ ಕಣ್ಣೂ ಇರಬಾರದು, ಕಿವಿಯೂ ಇರಬಾರದು.

ಮರುದಿನವೇ ಬಾಗಿಲ ರೀಡರ್ ನಿಲ್ಲಿಸಿ, ಜೋಡಿಸಿದ್ದ ನಂಬರುಗಳನ್ನೆಲ್ಲ ಅಳಿಸಿಹಾಕಿದೆವು. ಅಂದಿನಿಂದ ಬಿಲ್ ಆದ ಟ್ಯಾಗುಗಳನ್ನು ಕೌಂಟರಿನಲ್ಲೇ ಕಿಲ್ ಮಾಡಿದೆವು. ವಾಪಸ್ ಬಂದ ಬಟ್ಟೆಗೆ ಹೊಸ ಟ್ಯಾಗ್ ಹೊಲಿಸುವ ಖರ್ಚು ಹೆಚ್ಚಿತು, ಅಷ್ಟೆ. ಆ ತಾಯಿಯ ಕ್ಷಮೆ ಕೇಳಲು ಮಾತ್ರ ನನಗೆ ಆಗಲಿಲ್ಲ. ಎಲ್ಲರನ್ನೂ ಗುರುತಿಸಲು ಹೊರಟಿದ್ದ ನನಗೆ ಆಕೆಯ ಹೆಸರು ಇವತ್ತಿಗೂ ಗೊತ್ತಿಲ್ಲ.