ಹರಿಗೋಲು ಸಿದ್ಧ ಆಗೈತೆ, ಹೊಳೆ ಅಳತೆ ಇನ್ನೂ ಬಾಕಿ

ಭತ್ತ ಕೊಯ್ದು ಇವತ್ತಿಗೆ ಎಂಟು ದಿನ. ಮಷಿನ್ ಬಂದು ಹೋಯ್ತು, ಹುಲ್ಲು ಕಟ್ಟಿಸಿದ್ದಾಯ್ತು, ಕಾಳು ಇನ್ನೂ ರಸ್ತೆ ಪಕ್ಕ ತಾಡಪಾಲಿನ ಮೇಲೆ ಒಣಗ್ತಾ ಐತೆ. ಬೇಸಿಗೆ ಬೆಳೆಗೆ ಭದ್ರಾ ನಾಲೆ ನೀರು ಯಾವತ್ತು ಬಿಡ್ತಾರೆ ಅನ್ನೋದು ಐಸಿಸಿ ಸಭೆ ಆಗೋವರೆಗೆ ಗೊತ್ತಾಗಲ್ಲ. ನಾವು ಕೊನೇ ಭಾಗದವರು ಬೇರೆ, ಬಿಟ್ಟ ಮೇಲೂ ನಮಗೆ ಬಂದಾಗಲೇ ಬಂತು. ನಡುವೆ ಸಿಗೋ ಈ ಹದಿನೈದು ಇಪ್ಪತ್ತು ದಿನವೇ ನಮಗೆ ರಜೆ. ಈ ಸಲ ಅದರಲ್ಲಿ ಒಂದು ದಿನ ಹೊಳೆಗಿಳಿದು ಮೀನು ಹಿಡಿಯೋದು ಅಂತ ಮಾಡೀವಿ. ಒಂದು ದಿನದ ಕೆಲಸಕ್ಕೆ ಮೂರು ವಾರದಿಂದ ತಯಾರಿ ನಡೆದೈತೆ. ಯಾಕೆ ಅಂತ ಬರೀತೀನಿ, ಹೊಳೆ ದಂಡೇಲಿ ಜಮೀನು ಇರೋರು ಸ್ವಲ್ಪ ಪುರುಸೊತ್ತು ಮಾಡ್ಕೊಂಡು ಓದಿ.

ಶುರು ಮಾಡಿದ್ದು ನಮ್ಮ ದೊಡ್ಡಪ್ಪನ ಮೊಮ್ಮಗ. ದಾವಣಗೆರೇಲಿ ಓದ್ತಾನೆ, ಹತ್ತೊಂಬತ್ತು ವರ್ಷ. ದೀಪಾವಳಿಗೆ ಬಂದಾಗ ಮೊಬೈಲಲ್ಲಿ ಒಂದು ವಿಡಿಯೋ ತೋರಿಸಿದ. ಅಮೆರಿಕದ ಕ್ಯಾಲಿಫೋರ್ನಿಯಾ ಸಮುದ್ರ. ಸೋರೆಕಾಯಿ ಉದ್ದಕ್ಕೆ ಸೀಳಿದಂಗೆ ಒಂದು ಸಣ್ಣ ದೋಣಿ, ಕಯಾಕ್ ಅಂತಾರೆ, ಒಬ್ಬನೇ ಕೂತು ಹುಟ್ಟು ಹಾಕ್ಕೊಂಡು ಹೋಗ್ತಾನೆ. ಸುತ್ತ ನೀರಿನ ಮೇಲೆ ಕಂದು ಬಣ್ಣದ ಎಲೆ ತೇಲ್ತಾ ಇತ್ತು. ಅದು ಕೆಲ್ಪ್ ಅನ್ನೋ ಸಮುದ್ರ ಪಾಚಿ. ತಳದ ಬಂಡೆ ಕಚ್ಚಿಕೊಂಡು ಅಡಿಕೆ ಮರಕ್ಕಿಂತ ಎತ್ತರ ಏಳ್ತದಂತೆ, ಒಳ್ಳೆ ದಿನಗಳಲ್ಲಿ ದಿನಕ್ಕೆ ಒಂದೂವರೆ ಅಡಿ ಬೆಳೀತದಂತೆ. ತಣ್ಣನೆ ನೀರೇ ಬೇಕು ಅದಕ್ಕೆ, ಹಂಗಾಗಿ ನಮ್ಮ ಕಾರವಾರ, ಮಲ್ಪೆ ಕಡೆ ಇಲ್ಲ. ಮೀನೆಲ್ಲ ಆ ಪಾಚಿ ಕಾಡಿನ ಅಂಚಲ್ಲೇ ಇರ್ತಾವೆ. ಲಂಗರು ಹಾಕೋ ಬದಲು ಆ ಮನುಷ್ಯ ಒಂದು ಪಾಚಿ ಬಳ್ಳೀನೇ ಎಳೆದು ದೋಣಿಗೆ ಸುತ್ತಿಕೊಂಡು ಗಾಳ ಹಾಕ್ತಾ ಕೂತ. ನನಗೆ ಬಲೇ ಇಷ್ಟ ಆಯ್ತು.

(ಸಮುದ್ರ ಪಾಚಿ ನಮಗೇನು ಹೊಸದಲ್ಲ ಬಿಡಿ. ಸೀವೀಡ್ ಅಂತ ಬಾಟ್ಲಿ ತಂದು ಹೊಡಿತೀವಲ್ಲ, ಅದೇ ಕುಲ. ನಮ್ಮ ದೇಶದಲ್ಲಿ ತಮಿಳುನಾಡಿನ ರಾಮನಾಥಪುರಂ ಕಡೆ ಬಿದಿರಿನ ತೆಪ್ಪ ಕಟ್ಟಿ ಅದನ್ನ ಬೆಳೆಸ್ತಾರೆ. ಜಾತಿ ಮಾತ್ರ ಬೇರೆ.)

"ಕಾಕಾ, ನಮ್ಮ ಹೊಳೇಲಿ ಹಿಂಗೆ ಹೋಗಬೌದಲ್ಲ?" ಅಂದ. ನಾನು ತಕ್ಷಣ ಹೂಂ ಅನ್ನಲಿಲ್ಲ. ಅವರಪ್ಪ, ಅಂದ್ರೆ ನಮ್ಮಣ್ಣ, ಇದೇ ಹೊಳೇಲಿ ಹೋದವನು.

ಆರು ವರ್ಷದ ಹಿಂದಿನ ಮಾತು. ಕಾರಹುಣ್ಣಿಮೆ ಹಿಂದಿನ ದಿನ ಎತ್ತು ಮೈ ತೊಳೆಯೋಕೆ ಇಳಿದಿದ್ದ. ಮಳೆ ಇನ್ನೂ ಹಿಡಿದಿರಲಿಲ್ಲ, ಹೊಳೆ ಮೊಣಕಾಲುದ್ದ ಹರೀತಿತ್ತು. ಚಿಕ್ಕಂದಿನಿಂದ ನಾವಿಬ್ಬರೂ ಎತ್ತು ತೊಳೆದ ಜಾಗ ಅದು, ಕಣ್ಣು ಮುಚ್ಕೊಂಡು ಹೋಗ್ತಿದ್ವಿ. ಆ ಬೇಸಿಗೇಲಿ ಅಲ್ಲಿ ರಾತ್ರೋರಾತ್ರಿ ಮರಳು ತೆಗೆದಿದ್ರು. ನೀರು ಸ್ವಲ್ಪ ಏರಿ ಗುಂಡಿ ಮುಚ್ಚಿತ್ತು, ಮೇಲೆ ಎಲ್ಲ ಒಂದೇ ಸಮ ಕಾಣೋದು. ಎತ್ತು ಈಜಿ ದಡ ಸೇರಿತು. ಅವನ ಕೈಗೆ ಹಗ್ಗ ಸುತ್ತಿಕೊಂಡಿತ್ತು. ಈಜು ಬರ್ತಿತ್ತು ಅವನಿಗೆ, ನನಗಿಂತ ಚೆನ್ನಾಗಿ. ಗುಂಡಿ ಯಾರು ತೋಡಿದ್ದು ಅಂತ ಊರಿಗೆಲ್ಲ ಗೊತ್ತು, ಬರೆದು ಕೊಟ್ಟವರು ಯಾರೂ ಇಲ್ಲ. ನಾನೂ ಕೊಡಲಿಲ್ಲ.

ಅವತ್ತಿಂದ ನಮ್ಮ ಮನೇಲಿ ಯಾರೂ ಹೊಳೆಗೆ ಇಳಿದಿಲ್ಲ. ಪಂಪ್‌ಸೆಟ್ಟಿನ ಫುಟ್‌ವಾಲ್ವ್ ಕಟ್ಟಿಕೊಂಡ್ರೂ ಆಳು ಕರೆಸ್ತಿದ್ವಿ. ಹುಡುಗ ಅಪ್ಪನ ವಿಷಯ ಎತ್ತೋದೇ ಇಲ್ಲ. ಎತ್ತದೇ ಇದ್ದೋನು ಇವತ್ತು ಹೊಳೆಗೆ ಹೋಗಣ ಅಂತಾನೆ. ಬೇಡ ಅಂದ್ರೆ ಸ್ನೇಹಿತರ ಜೊತೆ ಹೇಳದೆ ಹೋಗ್ತಾನೆ, ಆ ವಯಸ್ಸು ಹಂಗೆ. ಅತ್ತಿಗೇನ ಕೇಳಿದೆ. ಬಹಳ ಹೊತ್ತು ಸುಮ್ಮನೆ ಕೂತಿದ್ದು, "ನೀನು ಕರ್ಕೊಂಡು ಹೋಗಂಗಿದ್ರೆ ಹೋಗ್ಲಿ. ಆದ್ರೆ ಹೊಳೆ ನೋಡಿಕೊಂಡು ಬಂದು ಮೊದಲು ನನಗೆ ಹೇಳು" ಅಂದ್ರು. ಅಷ್ಟೇ. ಮೂರು ವಾರದ ತಯಾರಿ ಹುಟ್ಟಿದ್ದು ಆ ಒಂದು ಮಾತಿನಿಂದ.

ಕಯಾಕ್ ಆಸೆ ಒಂದೇ ದಿನಕ್ಕೆ ಇಳೀತು. ಗಾಳಿ ತುಂಬೋ ಕಯಾಕ್ ಆನ್‌ಲೈನಲ್ಲಿ ಸಿಗ್ತದೆ, ಆದ್ರೆ ಆ ದುಡ್ಡಲ್ಲಿ ಗದ್ದೆಗೆ ಗೊಬ್ಬರ ಬರ್ತದೆ. ಮೇಲಾಗಿ ನಮ್ಮ ಹೊಳೇಲಿ ಕಲ್ಲು, ಜಾಲಿ ಮುಳ್ಳು. ಒಂದು ಚುಚ್ಚಿದ್ರೆ ಮುಗೀತು. ನಮ್ಮೂರ ಅಂಬಿಗರ ಅಜ್ಜನ ಮನೆ ಹಿಂದೆ ಹಳೇ ಹರಿಗೋಲು ಬೋರಲು ಬಿದ್ದಿತ್ತು, ಇಬ್ಬರು ಮೂವರು ಕೂರುವಂಥದ್ದು. ಅದನ್ನೇ ಕೇಳಿ ತಂದ್ವಿ. ಮುರಿದಿದ್ದ ನಾಲ್ಕು ಬಿದಿರು ದಬ್ಬೆ ಹೊಸದು ಹೆಣೆಸಿ, ದಪ್ಪ ಶೀಟು ಹೊದಿಸಿ, ಟಾರು ಕಾಯಿಸಿ ಎರಡು ಸಲ ಬಳಿದ್ವಿ. ಹಿಂದೆ ಚರ್ಮ ಹೊದಿಸ್ತಿದ್ರಂತೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗಲ್ಲಿನ ಡೊಮಿಂಗೊ ಪಾಯಸ್ ಇದೇ ತುಂಗಭದ್ರೇಲಿ ಬುಟ್ಟಿ ಹಂಗಿರೋ ಚರ್ಮದ ದೋಣಿ ನೋಡಿ ಬರೆದಿಟ್ಟಾನೆ, ಹುಟ್ಟು ಹಾಕಿದ್ರೆ ಸುತ್ತುತ್ತಲೇ ಇರ್ತವೆ ಅಂತ. ಐನೂರು ವರ್ಷ ಆದ್ರೂ ಆ ಬುದ್ಧಿ ಬಿಟ್ಟಿಲ್ಲ. ಹುಡುಗ ಮೊದಲ ದಿನ ದಂಡೆ ಪಕ್ಕ ಕೂತು ಹುಟ್ಟು ಹಾಕಿದ, ಬುಗುರಿ ಆಡಿದಂಗೆ ತಿರುಗ್ತು. ಪಕ್ಕಕ್ಕೆ ಹಾಕಬಾರದು, ಮುಂದೆ ಚಾಚಿ ನಿನ್ನ ಕಡೆ ಎಳ್ಕೊ ಅಂತ ಅಜ್ಜ ದಡದಲ್ಲಿ ನಿಂತು ಬೈದು ಕಲಿಸಿದ್ರು.

ಅಜ್ಜನಿಗೆ ಎಂಬತ್ತರ ಹತ್ತಿರ. ನಮ್ಮ ದಂಡೆಯಿಂದ ಆಚೆ ರಾಣೆಬೆನ್ನೂರು ತಾಲೂಕಿನ ದಂಡೆಗೆ ಜನ ದಾಟಿಸಿದವರು. ಎಲ್ಲಿ ಬಂಡೆ, ಎಲ್ಲಿ ಮಡು ಅಂತ ಕೈರೇಖೆ ಹಂಗೆ ಗೊತ್ತಿತ್ತು. ಅವರನ್ನೇ ಕೂರಿಸಿಕೊಂಡು ಹೋದ್ರಾಯ್ತು ಅಂದ್ಕೊಂಡಿದ್ದೆ. ದಂಡೆ ಮೇಲೆ ನಿಂತು ಒಂದು ಗಳಿಗೆ ನೋಡಿ, "ನನ್ನ ನಂಬಬ್ಯಾಡಪಾ. ನನಗೆ ಗೊತ್ತಿದ್ದ ಹೊಳೆ ಇದಲ್ಲ. ನೀರು ಅದೇ, ತಳ ಬದಲಾಗೈತೆ" ಅಂದ್ರು. ಇಡೀ ತಯಾರೀಲಿ ನನಗೆ ಅತಿ ಉಪಯೋಗಕ್ಕೆ ಬಂದ ಮಾತು ಇದು.

ಹಂಗಾಗಿ ಅಳೆಯೋಕೆ ಶುರು ಮಾಡಿದ್ವಿ. ಎತ್ತಿನ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ತುದಿಗೆ ಎರಡು ಕೇಜಿ ಕಲ್ಲು ಕಟ್ಟಿದ್ವಿ. ಹರಿಗೋಲಿಗೆ ಉದ್ದ ಹಗ್ಗ ಬಿಗಿದು ದಡದ ಹೊಂಗೆ ಮರಕ್ಕೆ ಸುತ್ತಿ ಇಬ್ಬರು ಹಿಡಿದ್ರು. ನಾನು ಒಳಗೆ ಕೂತು ಹತ್ತು ಹೆಜ್ಜೆಗೊಂದು ಸಲ ಕಲ್ಲು ಬಿಟ್ಟೆ. ಎರಡು ಮೊಳ, ಎರಡು ಮೊಳ, ಎರಡೂವರೆ, ಆಮೇಲೆ ಒಂದೇ ಸಲಕ್ಕೆ ಒಂಬತ್ತು. ಎರಡಾಳು! ಕಲ್ಲು ಇಳೀತಾ ಇದ್ದಂಗೆ ನನ್ನ ಹೊಟ್ಟೇನೂ ಇಳೀತು. ಇಳಿಜಾರು ಇರಲ್ಲ, ಬಾವಿ ಕಡಿದಂಗೆ ನೇರ. ಅಂಚಿನ ಮರಳು ಸಡಿಲ, ಕಾಲಿಟ್ರೆ ಜಾರಿ ಕುಸೀತದೆ, ಹತ್ತೋಕೆ ಹೋದಷ್ಟೂ ಕುಸೀತದೆ. ಈಜು ಬರೋರೂ ಸಾಯೋದು ಇದಕ್ಕೇ. ಬಿದ್ದವರನ್ನ ಉಳಿಸ್ತೀನಿ ಅಂತ ಇನ್ನೊಬ್ಬರು ಹಾರಿದ್ರೆ ಎರಡು ಹೆಣ. ಹಗ್ಗ ಎಸೀಬೇಕು, ಪಂಚೆ ಎಸೀಬೇಕು, ಖಾಲಿ ಕ್ಯಾನ್ ಎಸೀಬೇಕು. ಹಾರಬಾರದು.

ನಾಲ್ಕು ಸಂಜೆಗೆ ನಮ್ಮ ಪಂಪ್‌ಹೌಸಿನಿಂದ ಕೆಳಗಿನ ಆಲದ ಮರದವರೆಗೆ ಅಳೆದ್ವಿ. ಏಳು ಗುಂಡಿ ಸಿಕ್ಕಾವೆ. ಪ್ರತಿ ಗುಂಡಿ ಅಂಚಿಗೆ ಬಿದಿರು ಗಳ ನೆಟ್ಟು ಬಿಳೀ ಯೂರಿಯಾ ಚೀಲ ಕಟ್ಟೀವಿ. ಮೂರನೇದು ಅಣ್ಣ ಹೋದ ಜಾಗದ್ದು. ಮುಚ್ಚಿರಬೌದು ಅಂದ್ಕೊಂಡಿದ್ದೆ, ಮುಚ್ಚಿಲ್ಲ, ಇನ್ನೂ ಆರು ಮೊಳ ಐತೆ. ಅಲ್ಲಿ ಗಳ ನೆಡೋವಾಗ ಹುಡುಗ ನನ್ನ ಕೈಯಿಂದ ಗಳ ಇಸ್ಕೊಂಡು ತಾನೇ ನೆಟ್ಟ. ಏನೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಮಾರನೇ ದಿನ ಬಟ್ಟೆ ಒಗೆಯೋಕೆ ಬಂದ ಹೆಣ್ಮಕ್ಕಳು ಆ ಚೀಲ ನೋಡಿ ಐವತ್ತು ಮಾರು ಮೇಲಕ್ಕೆ ಹೋಗಿ ಒಗೆದ್ರು.

ಇನ್ನು ಅಂತರಗಂಗೆ. ನಮ್ಮ ಕೆಲ್ಪ್ ಅಂದ್ರೆ ಅದೇ. ದಕ್ಷಿಣ ಅಮೆರಿಕದಿಂದ ಬಂದ ಕಳೆ, ಹದ ಸಿಕ್ಕರೆ ಎರಡು ವಾರಕ್ಕೆ ಎರಡರಷ್ಟಾಗ್ತದೆ. ಊರಿನ ಕೊಚ್ಚೆ, ನಮ್ಮ ಗದ್ದೆಯಿಂದ ಇಳಿಯೋ ಯೂರಿಯಾ, ಎರಡೂ ಅದಕ್ಕೆ ಊಟ. ಬರೀ ಪೇಟೆಯವರನ್ನ ಬೈದ್ರೆ ಆಗಲ್ಲ. ಕೊರವ ಮೀನು ಅದರ ನೆರಳಲ್ಲೇ ಕಾಯ್ತಾ ಇರ್ತದೆ, ಅಂಚಿಗೆ ಗಾಳ ಬಿಟ್ರೆ ಸಿಗ್ತದೆ. ಆದ್ರೆ ಕ್ಯಾಲಿಫೋರ್ನಿಯಾದವನ ಹಂಗೆ ದೋಣಿಗೆ ಸುತ್ತಿಕೊಂಡು ಕೂರೋಕೆ ಆಗಲ್ಲ. ಅವನ ಪಾಚಿ ತಳ ಕಚ್ಚಿರ್ತದೆ, ನಮ್ಮದು ತೇಲೋದು. ಮೂಡಗಾಳಿ ಎದ್ರೆ ಗುಡ್ಡೆಗುಡ್ಡೆನೇ ಆಚೆ ದಂಡೆಗೆ ಹೊರಡ್ತದೆ, ಜೊತೆಗೆ ನಾವೂ. ಹುಟ್ಟು ಅದರಲ್ಲಿ ಸಿಕ್ಕಿದ್ರೆ ಬಿಡಿಸೋದು ಕಷ್ಟ, ಕೆಳಗೆ ಗುಂಡಿ ಐತೋ ಇಲ್ವೋ ಕಾಣಲ್ಲ. ಅದಕ್ಕೇ ಅಂಚಿನಿಂದ ಎರಡು ಮಾರು ದೂರ, ಕಲ್ಲಿನ ಲಂಗರು, ಹಗ್ಗ ಕೊಯ್ಯೋಕೆ ಒಂದು ಕುಡುಗೋಲು ಕೈಗೆ ಸಿಗೋ ಹಂಗೆ.

ನೀರು ಏರೋದೂ ನೋಡ್ಕೋಬೇಕು. ಈಗ ಮಳೆ ಇಲ್ಲ ಅಂತ ನಂಬೋ ಹಂಗಿಲ್ಲ. ಕೆಳಗಿನ ಊರುಗಳ ಕುಡಿಯೋ ನೀರಿಗೆ, ಭಾರತ ಹುಣ್ಣಿಮೆ ಮೈಲಾರ ಜಾತ್ರೆಗೆ ಅಂತ ಭದ್ರಾ ಡ್ಯಾಮಿನಿಂದ ಹೊಳೆಗೆ ನೀರು ಬಿಡೋದುಂಟು. ಜಾತ್ರೆಗೆ ಇನ್ನೂ ದಿನ ಐತೆ, ಆದ್ರೂ ಹೊನ್ನಾಳೀಲಿರೋ ನಮ್ಮ ಷಡ್ಡಕನಿಗೆ ಹೇಳಿಟ್ಟೀನಿ. ಹಿಂದಿನ ರಾತ್ರಿ, ಬೆಳಿಗ್ಗೆ ಎರಡು ಹೊತ್ತೂ ಹೊಳೆ ನೋಡಿ ಫೋನ್ ಮಾಡ್ತಾನೆ. ಮೇಲಿಂದ ನೀರು ಬಂದ್ರೆ ಮೊದಲು ಅವನ ಕಣ್ಣಿಗೇ ಬೀಳೋದು. ನಮ್ಮ ಭಾಗದಲ್ಲಿ ಮೀನು ಹಿಡಿಯೋ ಹಕ್ಕಿರೋರನ್ನೂ ಕೇಳೀವಿ, ಗಾಳಕ್ಕೆ ಅಡ್ಡಿಯಿಲ್ಲ, ಬಲೆ ಬೀಸಬ್ಯಾಡ್ರಿ ಅಂದಾರೆ. ಸರಿ ಐತೆ, ಅದು ಅವರ ಅನ್ನ.

ಲೈಫ್ ಜಾಕೆಟ್ ಎರಡು ತರಿಸಾಯ್ತು. ದಾವಣಗೆರೆ ಅಂಗಡೀಲಿ ನಮ್ಮ ಮೈ ತೂಕಕ್ಕೆ ಸಿಗಲಿಲ್ಲ, ಮಕ್ಕಳವು ಇದ್ವು. ಕೊನೆಗೆ ಆನ್‌ಲೈನಲ್ಲೇ. ಹರಿಗೋಲಿಗೆ ಇಪ್ಪತ್ತು ಲೀಟರಿನ ಎರಡು ಖಾಲಿ ನೀರಿನ ಕ್ಯಾನು ಬಿರಡೆ ಬಿಗಿದು ಕಟ್ಟೀವಿ. ಎರೆಹುಳು ತೋಟದ್ದು, ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಮಂಡಕ್ಕಿ. ಮುಂದಿನ ಭಾನುವಾರ ಬೆಳಕು ಹರಿದ ಮೇಲೆ ಇಳಿಯೋದು, ಹತ್ತು ಗಂಟೆಗೆ ಗಾಳಿ ಏಳೋ ಮುಂಚೆ ದಡ. ಸೋಮವಾರ ನಮ್ಮನೇಲಿ ಮೀನು ಮುಟ್ಟಂಗಿಲ್ಲ, ಅದಕ್ಕೆ ಭಾನುವಾರವೇ.

ನಿನ್ನೆ ಸಂಜೆ ಅತ್ತಿಗೆ ಮನೆಗೆ ಹೋಗಿ ನೋಟ್‌ಬುಕ್ಕಲ್ಲಿ ಬರೆದಿದ್ದ ಗುಂಡಿ ನಕ್ಷೆ ಮುಂದಿಟ್ಟೆ. ಒಂದೊಂದೇ ಬೆರಳಿಟ್ಟು ಕೇಳಿದ್ರು, ಇದೆಷ್ಟು, ಇದೆಷ್ಟು ಅಂತ. ಮೂರನೇದರ ಮೇಲೆ ಬೆರಳು ನಿಂತಾಗ ಕೇಳಲಿಲ್ಲ, ಗೊತ್ತಾಯ್ತು. ಆಮೇಲೆ, "ಆಲದ ಮರದ ಕೆಳಗೆ ಅಳೆದಿಲ್ವಲ್ಲ?" ಅಂದ್ರು. ಇಲ್ಲ ಅಂದೆ, ಅಲ್ಲಿಗೆ ಹೋಗಲ್ಲ. "ನೀವು ಹೋಗದಿದ್ರೂ ಅಲ್ಲಿ ಹುಡುಗ್ರು ಈಜ್ತಾರೆ" ಅಂದ್ರು.

ಅದಕ್ಕೆ ನಾಳೆ, ನಾಡಿದ್ದು ಅಲ್ಲಿ ಅಳೀತೀವಿ. ಆ ಕೆಳಗಿನ ಭಾಗದಲ್ಲಿ ಜಮೀನು ಇರೋರು, ಮರಳು ಎಲ್ಲಿ ತೆಗೆದಿದ್ರು ಅಂತ ಗೊತ್ತಿರೋರು ಫೋನ್ ಮಾಡಿ, ಹೆಸರು ಹೇಳೋದು ಬ್ಯಾಡ, ಜಾಗ ಹೇಳಿದ್ರೆ ಸಾಕು. ಖಾಲಿ ಯೂರಿಯಾ ಚೀಲ, ಹತ್ತಡಿ ಬಿದಿರು ಗಳ ಇದ್ರೆ ತಂದುಕೊಡಿ. ಹರಿಗೋಲು ನಮ್ಮ ಕಣದಲ್ಲಿ ಬೋರಲಾಗಿ ಒಣಗ್ತಾ ಐತೆ. ಕೆಳಗೆ ಕೋಳಿ ಹೋಗಿ ಮೊಟ್ಟೆ ಇಟ್ಟೈತೆ ಬೇರೆ, ಭಾನುವಾರದೊಳಗೆ ಅದನ್ನೂ ಎಬ್ಬಿಸಬೇಕು.