ಹೊರೆಗೂಲಿ

ಬಂಗಾರಪೇಟೆಯಲ್ಲಿ ಕುಳಿತವರು ‘ಗಣಿ’ ಎಂಬ ಶಬ್ದವನ್ನು ಸ್ವಲ್ಪ ಎಚ್ಚರಿಕೆಯಿಂದ ಬಳಸಬೇಕು. ಬೇರೆ ಊರುಗಳಲ್ಲಿ ಅದು ನಿಘಂಟಿನ ಶಬ್ದ. ನಮ್ಮಲ್ಲಿ ಅದು ಯಾರದೋ ತಂದೆಯ ಕೆಮ್ಮು, ಯಾರದೋ ತಾತನ ಹಾಜರಿ ಚೀಟಿ, ಕೋಲಾರದ ಚಿನ್ನದ ಗಣಿಯ ಕಡೆ ಹೋದಾಗ ಕಣ್ಣಿಗೆ ಬೀಳುವ ಬೂದುಬಣ್ಣದ ದಿಬ್ಬ. ಆದ್ದರಿಂದ, ನೆಲವನ್ನೇ ಮುಟ್ಟದೆ, ಗುದ್ದಲಿಯನ್ನೇ ಹಿಡಿಯದೆ, ಕಂಪ್ಯೂಟರಿನಲ್ಲಿ ನಾಣ್ಯ ತೋಡುವ ಹೊಸ ಗಣಿಯೊಂದರ ಮಾತನ್ನು ನಮ್ಮ ಕಾಲೇಜಿನ ಹುಡುಗರು ಆಡತೊಡಗಿದಾಗ ನನ್ನ ಕಿವಿ ನಿಮಿರಿದ್ದು ಸಹಜವೇ.

ಹಳಗನ್ನಡದ ಪಾಠ ಹೇಳಿ ಸಂಬಳ ಪಡೆಯುವವನಿಗೆ ಬ್ಲಾಕ್‌ಚೈನಿನ ಉಸಾಬರಿ ಏಕೆಂದು ಓದುಗರು ಕೇಳಬಹುದು. ಕೇಳಿದರೆ ಉತ್ತರವುಂಟು. ಮೇಲಿನ ಥಳಕನ್ನೆಲ್ಲ ಒರಸಿ ನೋಡಿದರೆ ಬ್ಲಾಕ್‌ಚೈನ್ ಎಂಬುದು ಒಂದು ಲೆಕ್ಕದ ಪುಸ್ತಕ. ಲೆಕ್ಕದ ಪುಸ್ತಕ ಕನ್ನಡದ ಮೇಷ್ಟರಿಗೆ ಹೊಸದಲ್ಲ. ಹಿಂದೆ ಶಾನುಭೋಗರು ಕಡತದಲ್ಲಿ ಬರೆಯುತ್ತಿದ್ದರು: ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿದ ಕಪ್ಪು ಪುಸ್ತಕ. ಬಳಪದಿಂದ ಬರೆಯುವುದು, ಬೇಡವಾದರೆ ಒರಸುವುದು. ಒರಸುವ ಅಧಿಕಾರವೂ ಶಾನುಭೋಗರದೇ. ಇದಕ್ಕೆ ಎದುರಾದದ್ದು ಶಿಲಾಶಾಸನ. ದೇವಸ್ಥಾನದ ಮುಂದೆಯೋ ಕೆರೆಯ ಏರಿಯ ಮೇಲೆಯೋ ನಾಲ್ಕು ಜನ ಓಡಾಡುವ ಕಡೆ ಅದು ನಿಂತಿರುತ್ತದೆ. ಒಮ್ಮೆ ಕೆತ್ತಿದ ಮೇಲೆ ಮುಗಿಯಿತು. ಬ್ಲಾಕ್‌ಚೈನ್ ಕಡತದ ಜಾತಿಯದಲ್ಲ, ಶಾಸನದ ಜಾತಿಯದು. ಒಂದೇ ಶಾಸನವನ್ನು ಸಾವಿರಾರು ಊರುಗಳಲ್ಲಿ ಏಕಕಾಲಕ್ಕೆ ನೆಟ್ಟರೆ ಹೇಗೋ ಹಾಗೆ, ಒಂದೇ ಪುಸ್ತಕದ ಪ್ರತಿ ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಇರುತ್ತದೆ. ಯಾವ ಒಬ್ಬ ಶಾನುಭೋಗರ ಮರ್ಜಿಯೂ ಅಲ್ಲಿ ನಡೆಯದು.

ಆದರೆ ಕಲ್ಲು ಕೆತ್ತುವ ಕೆಲಸ ಪುಕ್ಕಟೆಯದಲ್ಲ. ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರು, ಕೆತ್ತಿದವನ ಹೆಸರು ಕಾಣುತ್ತದೆ; ಕೆಲವುದರಲ್ಲಿ ಅವನಿಗೆ ಬಿಟ್ಟ ಭೂಮಿಯ ಮಾತೂ ಬರುತ್ತದೆ. ದಾನ ಕೊಟ್ಟವನ ಪುಣ್ಯ ಒಂದು ಕಡೆ, ಕೆತ್ತಿದವನ ಕೂಲಿ ಇನ್ನೊಂದು ಕಡೆ. ಹೊಸ ಶಾಸನದಲ್ಲಿಯೂ ಈ ಕೂಲಿಯುಂಟು. ಅದರ ಬಿಸಿ ಎಷ್ಟೆಂಬುದನ್ನು ನಾನು ಕಂಡದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮೂಲಕ.

2021ರ ಬೇಸಗೆ, ಕೊರೋನಾದ ಎರಡನೆಯ ಅಲೆ. ಈ ಹುಡುಗ ಬಿ.ಎ. ಮುಗಿಸಿ, ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ, ಅಲ್ಲಿ ಒಂದು ಮುದ್ರಣದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ರೈಲೂ ನಿಂತಿತು, ಅಂಗಡಿಯೂ ಮುಚ್ಚಿತು. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಕೈ ಅವನದು. ಸಮುದ್ರದಾಚೆಯ ಯಾರಿಗೋ ಅಂಗಡಿಯ ಲಾಂಛನವೊಂದನ್ನು ಬರೆದುಕೊಟ್ಟ. ಆ ಪುಣ್ಯಾತ್ಮ ಮಾತಿಗೆ ತಪ್ಪದೆ 20 ಡಾಲರಿಗೆ ಸಮನಾದ ಡಿಜಿಟಲ್ ನಾಣ್ಯವನ್ನು ಕಳುಹಿಸಿದ. ನಮ್ಮ ಲೆಕ್ಕದಲ್ಲಿ ಸುಮಾರು 1,450 ರೂಪಾಯಿ. ಹುಡುಗನ ತಂಗಿಗೆ ಪರೀಕ್ಷೆಯ ಶುಲ್ಕ ಕಟ್ಟಬೇಕಾಗಿತ್ತು. ದುಡ್ಡು ಬಂದಿತ್ತು, ಫೋನಿನಲ್ಲಿ ಕಾಣುತ್ತಲೂ ಇತ್ತು. ಆದರೆ ಅದನ್ನು ಅಲ್ಲಿಂದ ಕದಲಿಸಲು ಹೋದರೆ ಪುಸ್ತಕ ಕೇಳಿದ ಕೂಲಿ 1,900 ರೂಪಾಯಿ! ಸಾಲದೆಂದು ಆ ಕೂಲಿಯನ್ನು ಅವನಲ್ಲಿದ್ದ ನಾಣ್ಯದಿಂದ ಮುರಿದುಕೊಳ್ಳುವಂತೆಯೂ ಇಲ್ಲ. ಈಥರ್ ಎಂಬ ಬೇರೊಂದು ನಾಣ್ಯದಲ್ಲಿಯೇ ಕೊಡಬೇಕು. ಅದು ಇವನ ಹತ್ತಿರ ಒಂದು ಚೂರೂ ಇರಲಿಲ್ಲ.

“ಸಾರ್, ನನ್ನ ದುಡ್ಡಿಗೆ ಇಷ್ಟು ಕೂಲಿ ಕೇಳೋರು ಯಾರು ಸಾರ್?” ಎಂದು ಕೇಳಿದ.

ಪ್ರಶ್ನೆ ನನಗೆ ಹಿಡಿಸಿತು. ಕಾಲೇಜಿಗೆ ಹೇಗೂ ಬೀಗ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಜಗಲಿಯ ಈ ತುದಿಗೆ ನಾನು, ಆ ತುದಿಗೆ ಅವನು ಕುಳಿತು ನಾಲ್ಕಾರು ಸಂಜೆ ಇದನ್ನು ಬಿಡಿಸಿದೆವು.

ನಾನು ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ನಮ್ಮ ತಂದೆ ಮನಿಯಾರ್ಡರ್ ಕಳುಹಿಸುತ್ತಿದ್ದರು. ನೂರಕ್ಕೆ ಐದು ರೂಪಾಯಿ ಕಮಿಷನ್. ಆರುನೂರು ಕಳುಹಿಸಿದರೆ ಮೂವತ್ತು ಅಂಚೆಯವರ ಪಾಲು, ಇನ್ನೂರಾದರೆ ಹತ್ತೇ. ಮೊತ್ತ ಇಳಿದಂತೆ ಕೂಲಿಯೂ ಇಳಿಯುತ್ತಿತ್ತು. 1880ರಲ್ಲಿ ಈ ದೇಶದಲ್ಲಿ ಆರಂಭವಾದ ಆ ಹಳೆಯ ಮನಿಯಾರ್ಡರ್ 2015ರಲ್ಲಿ ನಿಂತುಹೋಯಿತು. ಅದೇ ಅಂಚೆಕಚೇರಿಯಲ್ಲಿ ಪಾರ್ಸಲ್ಲಿನ ಲೆಕ್ಕವೇ ಬೇರೆ. ಒಳಗೆ ಹಳೆಯ ಪುಸ್ತಕವಿರಲಿ, ರೇಷ್ಮೆ ಸೀರೆಯಿರಲಿ, ತಕ್ಕಡಿ ಹೇಳಿದ್ದೇ ದರ. ಬ್ಲಾಕ್‌ಚೈನಿನ ಕೂಲಿ ಮನಿಯಾರ್ಡರಿನದಲ್ಲ, ಪಾರ್ಸಲ್ಲಿನದು. ಬಿಟ್‌ಕಾಯಿನ್ ಪುಸ್ತಕ ‘ಎಷ್ಟು ಹಣ ಕಳುಹಿಸುತ್ತೀ?’ ಎಂದು ಕೇಳುವುದಿಲ್ಲ; ‘ನಿನ್ನ ಬರಹ ಎಷ್ಟು ಜಾಗ ಹಿಡಿಯುತ್ತದೆ?’ ಎಂದು ಕೇಳುತ್ತದೆ. ನೂರು ರೂಪಾಯಿಯ ಸಾಲೂ ಕೋಟಿ ರೂಪಾಯಿಯ ಸಾಲೂ ಒಂದೇ ಉದ್ದವಾದರೆ ಕೂಲಿಯೂ ಒಂದೇ. ಈಥೀರಿಯಮ್ ಎಂಬ ಪುಸ್ತಕದಲ್ಲಿ ಕೂಲಿಯ ಅಳತೆಗೆ ‘ಗ್ಯಾಸ್’ ಎಂದು ಹೆಸರು. ಈಥರನ್ನೇ ಒಬ್ಬರಿಂದ ಒಬ್ಬರಿಗೆ ದಾಟಿಸಲು 21,000 ಅಳತೆ. ಹುಡುಗನಿಗೆ ಬಂದಂಥ ಬೇರೆ ನಾಣ್ಯವನ್ನು ದಾಟಿಸಲು ಅದರ ಎರಡು ಮೂರು ಪಟ್ಟು, ಏಕೆಂದರೆ ಬರೆಯುವ ಕೆಲಸ ಹೆಚ್ಚು.

ಅಳತೆ ಇಷ್ಟೇ ಎಂದು ಗೊತ್ತಾದರೂ ಅಳತೆಯೊಂದರ ಬೆಲೆ ಮಾತ್ರ ಗಳಿಗೆಗೊಂದು. ಪುಸ್ತಕದ ಹಾಳೆ ಚಿಕ್ಕದು. ಬಿಟ್‌ಕಾಯಿನಿನಲ್ಲಿ ಹೊಸ ಹಾಳೆ ತಿರುವುವುದು ಸುಮಾರು ಹತ್ತು ನಿಮಿಷಕ್ಕೊಮ್ಮೆ. ನಮ್ಮ ಬೆಳಗಿನ ಬೆಂಗಳೂರು ರೈಲಿನ ಸೀಟುಗಳನ್ನು ಪ್ಲಾಟ್‌ಫಾರಮ್ಮಿನ ಮೇಲೆ ಹರಾಜು ಹಾಕುತ್ತಾರೆಂದು ಭಾವಿಸಿ. ಸೋಮವಾರ ಏನು ಬೆಲೆ, ಭಾನುವಾರ ಏನು ಬೆಲೆ! 2024ರ ಏಪ್ರಿಲ್ 20ರಂದು ಬಿಟ್‌ಕಾಯಿನಿನ ಸರಾಸರಿ ಕೂಲಿ ನೂರು ಡಾಲರು ದಾಟಿತ್ತು. ಬೇರೆ ದಿನಗಳಲ್ಲಿ ಅದು ಒಂದೆರಡು ಡಾಲರಿಗೆ ಇಳಿದದ್ದೂ ಉಂಟು.

ಹಾಗಾದರೆ ಹುಡುಗನ ಪ್ರಶ್ನೆಗೆ ಉತ್ತರವೇನು? ಕೂಲಿ ಹೋಗುವುದು ಹಾಳೆಯನ್ನು ಬರೆದವರಿಗೆ. ಬಿಟ್‌ಕಾಯಿನಿನಲ್ಲಿ ಹಾಳೆ ಬರೆಯುವ ಹಕ್ಕಿಗಾಗಿ ಕಂಪ್ಯೂಟರುಗಳು ವಿದ್ಯುತ್ತು ಉರಿಸಿ ಪೈಪೋಟಿ ನಡೆಸುತ್ತವೆ. ಹುಡುಗರು ‘ಗಣಿಗಾರಿಕೆ’ ಎಂದದ್ದು ಇದನ್ನೇ. ಗೆದ್ದವನಿಗೆ ಹೊಸ ನಾಣ್ಯದ ಬಹುಮಾನವುಂಟು: 2009ರಲ್ಲಿ ಹಾಳೆಗೆ 50 ಇದ್ದದ್ದು ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ 2024ರಿಂದ 3.125ಕ್ಕೆ ಇಳಿದಿದೆ. ಮುಂದೊಂದು ದಿನ ಬಹುಮಾನ ಪೂರ್ತಿ ತೀರಿ, ಬರೆಯುವವನಿಗೆ ಕೂಲಿಯೊಂದೇ ಉಳಿಯುತ್ತದೆ. ಈಥೀರಿಯಮ್ಮಿನಲ್ಲಿ 2021ರ ಆಗಸ್ಟಿನಿಂದ ಮತ್ತೊಂದು ವಿಚಿತ್ರ: ಕೂಲಿಯ ದೊಡ್ಡ ಪಾಲು ಯಾರ ಕೈಗೂ ಸೇರದೆ ಮಂಗಳಾರತಿಯ ಕರ್ಪೂರದ ಹಾಗೆ ಉರಿದೇ ಹೋಗುತ್ತದೆ, ಬರೆದವನಿಗೆ ಉಳಿಯುವುದು ಭಕ್ಷೀಸು ಮಾತ್ರ. 2022ರ ಸೆಪ್ಟೆಂಬರಿನಲ್ಲಿ ಆ ಪುಸ್ತಕದವರು ಗಣಿಗಾರಿಕೆಯನ್ನೇ ಕೈಬಿಟ್ಟರು. ಕೂಲಿ ಮಾತ್ರ ಉಳಿದುಕೊಂಡಿತು. ಎಂದರೆ ಇಲ್ಲಿ ಯಾರೋ ಒಬ್ಬ ದುಷ್ಟ ಕುಳಿತು ಹುಡುಗನ ಜೇಬಿಗೆ ಕೈ ಹಾಕಲಿಲ್ಲ. ಎಲ್ಲರಿಗೂ ಒಂದೇ ದರವಿತ್ತು. ಸಂಕಟವೆಲ್ಲ ಆ ‘ಒಂದೇ ದರ’ದಲ್ಲಿಯೇ ಇತ್ತು. ಲಕ್ಷ ಸಾಗಿಸುವವನಿಗೆ 1,900 ರೂಪಾಯಿ ಲೆಕ್ಕಕ್ಕೇ ಬಾರದ್ದು; ಇವನಿಗೆ ಅದು ಇಡೀ ಗಂಟಿಗಿಂತ ಭಾರ.

ಒಂದು ಸಂಜೆ ಹುಡುಗನ ತಂದೆಯೂ ಜೊತೆಗೆ ಬಂದರು. ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿದು ದುಡಿದವರು, ಮನೆಮಾತು ತಮಿಳು. ನಮ್ಮ ವ್ಯಾಖ್ಯಾನವನ್ನೆಲ್ಲ ತಾಳ್ಮೆಯಿಂದ ಕೇಳಿ, “ಸುಂಡೆಕಾಯಿ ಕಾಲು ಹಣ, ಹೊರೋ ಕೂಲಿ ಮುಕ್ಕಾಲು ಹಣ ಅಂತ ನಮ್ಮ ತಮಿಳಲ್ಲಿ ಒಂದು ಮಾತಿದೆ ಸಾರ್. ಇದು ಅದೇ ಅಲ್ವಾ?” ಎಂದರು. ನಾಲ್ಕು ಸಂಜೆಯ ನನ್ನ ಉಪನ್ಯಾಸ ಒಂದು ಗಾದೆಯಲ್ಲಿ ಮುಗಿದುಹೋಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಹೇಳಿದರು: “ಗಣಿ ಮುಚ್ಚಿದ್ದು ಚಿನ್ನ ಇಲ್ಲದೆ ಅಂತ ಜನ ಅಂದ್ಕೊಂಡಿದ್ದಾರೆ. ಚಿನ್ನ ಇತ್ತು ಸಾರ್. ಮೇಲಕ್ಕೆ ತರೋ ಖರ್ಚು ಚಿನ್ನಕ್ಕಿಂತ ಜಾಸ್ತಿ ಆಯ್ತು.”

ಅವರ ಮಾತು ನಿಜ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕೆಲಸ ಹಿಡಿದ ಹೊಸದರಲ್ಲಿ ಟನ್ ಅದಿರಿಗೆ ಹತ್ತಾರು ಗ್ರಾಂ ಚಿನ್ನ ಬರುತ್ತಿತ್ತು. ಕೊನೆಕೊನೆಗೆ ಮೂರು ನಾಲ್ಕು ಗ್ರಾಂ. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗಿನಿಂದ ಕಲ್ಲನ್ನು ಎತ್ತಬೇಕು, ನೀರನ್ನು ಪಂಪುಮಾಡಬೇಕು, ಕುದಿಯುವ ಸುರಂಗಕ್ಕೆ ತಂಪು ಗಾಳಿ ಊದಬೇಕು. 2001ರ ಫೆಬ್ರವರಿ 28ರಂದು ಬೀಗ ಬಿದ್ದಾಗ ನೆಲದೊಳಗೆ ಚಿನ್ನವಿತ್ತು, ಹೊರೆಗೂಲಿ ಹುಟ್ಟುತ್ತಿರಲಿಲ್ಲ. ಹಾಗೆ ಮನೆಗೆ ಬಂದ ತಂದೆಯ ಮಗನ ಫೋನಿನಲ್ಲಿ, ಇಪ್ಪತ್ತು ವರ್ಷದ ಮೇಲೆ, ಮತ್ತೆ ಅದೇ ಲೆಕ್ಕ.

ಕೂಲಿ ಕಡಮೆಯಿರುವ ಬೇರೆ ಪುಸ್ತಕಗಳನ್ನೂ ಹುಡುಗ ಹುಡುಕಿದ. ಇದ್ದವು. ಸ್ಟೆಲ್ಲರ್ ಎಂಬುದರಲ್ಲಿ ಒಂದು ಸಾಲು ಬರೆಸಲು ಅದರ ನಾಣ್ಯದ ಲಕ್ಷದಲ್ಲೊಂದು ಭಾಗ ಸಾಕು. ಆದರೆ ಅಲ್ಲಿ ಬಾಗಿಲಲ್ಲೇ ಒಬ್ಬ ನಿಂತಿರುತ್ತಾನೆ: ಖಾತೆ ತೆರೆಯಬೇಕಾದರೆ ಒಂದು ನಾಣ್ಯವನ್ನು ಕದಲಿಸದೆ ಇಟ್ಟಿರಬೇಕು. ಎಕ್ಸ್‌ಆರ್‌ಪಿ ಎಂಬುದರಲ್ಲಿ ಹೀಗೆ ಇಡಬೇಕಾದದ್ದು ಮೊದಲು 20 ನಾಣ್ಯ, ಆಮೇಲೆ 10. 2024ರ ಡಿಸೆಂಬರಿನಿಂದ ಒಂದು. ಸೊಲಾನಾ ಎಂಬುದರಲ್ಲಿ ಇದಕ್ಕೆ ‘ಬಾಡಿಗೆ’ ಎಂದೇ ಹೆಸರು. ಮುಂಗಡ ಇಟ್ಟರೆ ಖಾತೆ, ಖಾತೆ ಮುಚ್ಚಿದರೆ ಮುಂಗಡ ವಾಪಸು. ಇದು ದುರಾಸೆಯೆ? ಹಾಗೆನ್ನಲಾರೆ. ಖಾತೆಯೆಂದರೆ ಸಾವಿರಾರು ಪ್ರತಿಗಳಲ್ಲಿ ಒಂದೊಂದು ಸಾಲು, ಬಹುಕಾಲ ಉಳಿಯುವಂಥದು. ಪುಕ್ಕಟೆ ಎಂದರೆ ಯಾವನೋ ಕಿಡಿಗೇಡಿ ಕುಳಿತಲ್ಲೇ ಕೋಟಿ ಖಾತೆ ತೆರೆದು ಪುಸ್ತಕವನ್ನೇ ಊದಿಸಿಬಿಟ್ಟಾನು. ಬಿಟ್‌ಕಾಯಿನಿನಲ್ಲಿ ಖಾತೆಗೆ ಕಾಸಿಲ್ಲ, ವಿಳಾಸವೆಂಬುದು ಬರಿಯ ಒಂದು ಸಂಖ್ಯೆ. ಅಲ್ಲಿ ಹೊರೆಗೂಲಿಯೇ ಬಾಗಿಲು ಕಾಯುತ್ತದೆ. ಎಲ್ಲಿಯೋ ಒಂದು ಕಡೆ ಕೊಡುವುದು ತಪ್ಪದು.

ನಮ್ಮ ಬ್ಯಾಂಕುಗಳೂ ‘ಕನಿಷ್ಠ ಶಿಲ್ಕು’ ಎಂದು ಹೀಗೆಯೇ ಕೇಳುತ್ತಿದ್ದವು. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆ ಸೊನ್ನೆ ರೂಪಾಯಿಗೂ ಖಾತೆ ಕೊಟ್ಟಿತು. ಕೆನರಾ ಬ್ಯಾಂಕಿನವರು 2025ರ ಜೂನಿನಿಂದ ಉಳಿತಾಯ ಖಾತೆಗಳಿಗೆ ಶಿಲ್ಕಿನ ದಂಡವನ್ನೇ ಬಿಟ್ಟರು. ಇಂದು ನಮ್ಮ ಬಂಗಾರಪೇಟೆಯ ತಿಳಿನೀರಿನ ಪಾನಿಪುರಿ ತಿಂದು ಫೋನಿನಲ್ಲಿ ಮೂವತ್ತು ರೂಪಾಯಿ ಕೊಟ್ಟರೆ ಮೂವತ್ತೂ ಗಾಡಿಯವನಿಗೆ ಸೇರುತ್ತದೆ. ಹೊರುವವನಿಗೆ ಕೂಲಿಯಿಲ್ಲವೆಂದಲ್ಲ, ಆ ಕೂಲಿಯ ಒಂದಂಶ ಸರ್ಕಾರದ ಬೊಕ್ಕಸದಿಂದ ಹೋಗುತ್ತದೆ. 2024–25ಕ್ಕೆಂದು ಕೇಂದ್ರ ಸರ್ಕಾರ ಒಪ್ಪಿದ ಪ್ರೋತ್ಸಾಹಧನವೇ ಸುಮಾರು 1,500 ಕೋಟಿ ರೂಪಾಯಿ. ಪುಕ್ಕಟೆ ಎಂಬ ಮಾತಿನ ಹಿಂದೆ ಯಾರದೋ ಜೇಬು ಇದ್ದೇ ಇರುತ್ತದೆ. ಸಣ್ಣವನ ಕೂಲಿಯನ್ನು ಊರು ಹಂಚಿಕೊಂಡು ಹೊತ್ತರೆ ಅದು ಒಂದು ಬಗೆಯ ನ್ಯಾಯ. ಆದರೆ ಹಂಚಲು ಒಂದು ಊರು ಬೇಕು, ಊರಿಗೊಬ್ಬ ಯಜಮಾನ ಬೇಕು. ಯಜಮಾನನೇ ಬೇಡವೆಂದು ಹೊರಟ ಪುಸ್ತಕದಲ್ಲಿ ತನ್ನ ತನ್ನ ಹೊರೆಗೆ ತಾನೇ ಕೂಲಿ ತೆರಬೇಕು.

ತಂಗಿಯ ಶುಲ್ಕ ಕಟ್ಟಿದ್ದು ತಾಯಿಯ ಓಲೆಯನ್ನು ಗಿರವಿ ಅಂಗಡಿಯಲ್ಲಿಟ್ಟು. ಅಲ್ಲಿಯೂ ಮೊದಲ ತಿಂಗಳ ಬಡ್ಡಿಯನ್ನು ಮುರಿದುಕೊಂಡೇ ಕೊಟ್ಟರು. ಹುಡುಗನ 20 ಡಾಲರು ಒಂದು ವರ್ಷಕ್ಕೂ ಹೆಚ್ಚು ಕಾಲ ಫೋನಿನಲ್ಲಿ ಸುಮ್ಮನೆ ಬಿದ್ದಿತ್ತು. 2022ರ ಕೊನೆಗೆ ಕೂಲಿ ಇಳಿದಾಗ, ಗೆಳೆಯನೊಬ್ಬನಿಂದ ಚೂರು ಈಥರ್ ಕಡ ತಂದು, ಒಂದು ಭಾನುವಾರ ಬೆಳಗಿನ ಜಾವ ಅದನ್ನು ಹೊರಕ್ಕೆ ತೆಗೆದ. ಓಲೆಯೂ ಮನೆಗೆ ಬಂತು. ನಡುವೆ ಕಟ್ಟಿದ ಬಡ್ಡಿಯನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಲೆಕ್ಕ ಹಾಕಲಿಲ್ಲ.

ಇಂಥ ಪುಡಿ ಮೊತ್ತಕ್ಕೆ, ಸಾಗಿಸುವ ಕೂಲಿಗಿಂತ ಕಡಮೆ ಬೆಲೆಯ ನಾಣ್ಯಕ್ಕೆ, ಬಿಟ್‌ಕಾಯಿನಿನವರು ‘ಧೂಳು’ ಎಂದು ಹೆಸರಿಟ್ಟಿದ್ದಾರೆ. ಯಾರು ಇಟ್ಟರೋ, ಕೋಲಾರದ ಚಿನ್ನದ ಗಣಿಯನ್ನು ಕಂಡವರೇ ಇಟ್ಟಂತಿದೆ. ಚಿನ್ನ ತೆಗೆದು ಬಿಸಾಡಿದ ಪುಡಿ ಅಲ್ಲಿ 13 ದಿಬ್ಬಗಳಾಗಿ ಬಿದ್ದಿದೆ. ಸುಮಾರು 3 ಕೋಟಿ 30 ಲಕ್ಷ ಟನ್. ಜನ ಅದನ್ನು ಸೈನೈಡ್ ದಿಬ್ಬವೆನ್ನುತ್ತಾರೆ. ಗಾಳಿಯ ದಿನಗಳಲ್ಲಿ ಅದು ಮನೆಗಳ ಅನ್ನದ ತಟ್ಟೆಗೂ ಬರುತ್ತದೆ. ಆ ಧೂಳಿನಲ್ಲಿ ಇನ್ನೂ ಚಿನ್ನವುಂಟು, ಟನ್ನಿಗೆ ಒಂದು ಗ್ರಾಮಿಗಿಂತ ಕಡಮೆ. ಚಿನ್ನದ ಬೆಲೆ ಏರಿದ್ದರಿಂದ ಈಗ ಅದನ್ನು ಸೋಸಿದರೂ ಗಿಟ್ಟೀತೆಂಬ ಲೆಕ್ಕ ಹುಟ್ಟಿದೆ. 2024ರ ಜೂನಿನಲ್ಲಿ ರಾಜ್ಯದ ಸಚಿವ ಸಂಪುಟ ಅದಕ್ಕೆ ಒಪ್ಪಿಗೆ ಕೊಟ್ಟಿತು. ದಿಬ್ಬಗಳಿಗೆ ಅವಸರವಿಲ್ಲ, ಇಪ್ಪತ್ತು ವರ್ಷವೂ ಕಾದಾವು. ಪರೀಕ್ಷೆಯ ಶುಲ್ಕಕ್ಕೆ ಕೊನೆಯ ದಿನಾಂಕವಿರುತ್ತದೆ.

ಈಗ ಹುಡುಗರು ಬಂದು ‘ಇಂಥ ನಾಣ್ಯ ಏರುತ್ತದಂತೆ ಸಾರ್’ ಎಂದಾಗ ನಾನು ಬೇಡವೆನ್ನುವುದೂ ಇಲ್ಲ, ಬೇಕೆನ್ನುವುದೂ ಇಲ್ಲ. ಒಂದು ಕಾಗದ ಕೊಟ್ಟು ಮೂರು ಸಾಲು ಬರೆಯಲು ಹೇಳುತ್ತೇನೆ: ಒಳಗೆ ಹೋಗಲು ಎಷ್ಟು, ಅತ್ತಿಂದಿತ್ತ ಸಾಗಿಸಲು ಎಷ್ಟು, ಹೊರಗೆ ಬರಲು ಎಷ್ಟು. ಮೂರನ್ನೂ ಕೂಡಿ, ಆಮೇಲೆ ತಾವು ಹಾಕಹೊರಟ ಮೊತ್ತವನ್ನು ಅದರ ಪಕ್ಕದಲ್ಲಿ ಬರೆಯಲಿ. ಬಹಳ ಹುಡುಗರಿಗೆ ಮೊದಲ ಸಾಲು ಗೊತ್ತಿರುತ್ತದೆ. ಮೂರನೆಯದನ್ನು ಬರೆಯುವ ಹೊತ್ತಿಗೆ ಪೆನ್ನು ನಿಲ್ಲುತ್ತದೆ.