ತಲೆ ಎಣಿಕೆ

ನಮ್ಮಲ್ಲಿ ಹೆಂಗಸರು ಊರು ಬಿಟ್ಟು ಹೊರಡಬೇಕಾದರೆ ಒಂದು ಕಾರಣ ಬೇಕು. ಮದುವೆ, ಬಾಣಂತನ, ಹರಕೆ, ಸಾವು ಇವಿಷ್ಟು ಸರ್ವಸಮ್ಮತವಾದ ಕಾರಣಗಳು. ‘ಸುಮ್ಮನೆ ನಾಲ್ಕು ದಿನ ನಡೆದು ಬರುತ್ತೇನೆ’ ಎಂದು ಹೇಳಿ ನೋಡಿ. ಕೇಳಿದವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ದನಿ ತಗ್ಗಿಸಿ, “ಮನೆಯಲ್ಲಿ ಏನಾದರೂ ಮಾತು ಬಂತಾ?” ಎಂದು ಕೇಳುತ್ತಾರೆ! ಚಳಿಗಾಲದ ರಜೆಯಲ್ಲಿ ನಾವು ನಾಲ್ವರು ಶಿಕ್ಷಕಿಯರು ಕುಮಟಾದಿಂದ ಗೋಕರ್ಣದವರೆಗೆ ಕಡಲ ಅಂಚು ಹಿಡಿದು ನಡೆಯುವುದೆಂದು ನಿಶ್ಚಯಿಸಿದಾಗ ನಮ್ಮನ್ನು ಕಾಪಾಡಿದವನು ಮಹಾಬಲೇಶ್ವರನೇ. ದಾರಿಯ ಕೊನೆಯಲ್ಲಿ ಅವನಿದ್ದಾನೆ ಎಂದಮೇಲೆ ನನ್ನ ಅತ್ತೆಯವರೂ ಬೇಡವೆನ್ನಲಿಲ್ಲ.

ಪೀಣ್ಯದಲ್ಲಿ ನಾವೇನು ನಡೆಯುವುದಿಲ್ಲವೇ? ದಿನವೂ ನಡೆಯುತ್ತೇವೆ. ನಮ್ಮ ಶಾಲೆಯ ಗೋಡೆಯಾಚೆ ಲೇತ್ ಯಂತ್ರದ ಶೆಡ್ಡು, ಈಚೆ ಲಾರಿಗಳ ಸಾಲು. ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ಓಡುನಡಿಗೆಯಲ್ಲಿ ಸಾಗುತ್ತಾರೆ. 2014ರಲ್ಲಿ ಮೆಟ್ರೋ ಬಂದ ಮೇಲೆ ತಲೆಯ ಮೇಲೆ ರೈಲು ಓಡುತ್ತಿದೆ, ಕೆಳಗೆ ನಡೆಯುವವರ ಅವಸರ ಮಾತ್ರ ಕಡಿಮೆಯಾಗಿಲ್ಲ. ಅಲ್ಲಿ ನಡಿಗೆಯೆಂದರೆ ತಲುಪುವುದು, ಅಷ್ಟೆ.

ಜಾಲಹಳ್ಳಿ ಕ್ರಾಸಿನಲ್ಲಿ ರಾತ್ರಿ ಬಸ್ಸು ಹತ್ತಿದವರು ಮರುದಿನ ಕುಮಟಾದಿಂದ ಉತ್ತರಕ್ಕೆ ನಡೆದೆವು. ಸ್ವಲ್ಪ ದೂರ ಮರಳು, ಆಮೇಲೆ ಒಂದು ಗುಡ್ಡ, ಅದನ್ನಿಳಿದರೆ ಮತ್ತೆ ಮರಳು. ಗುಡ್ಡಗಳೆಲ್ಲ ಕೆಂಪು ಜಂಬಿಟ್ಟಿಗೆ, ಮೇಲೆ ಒಣಗಿದ ಹುಲ್ಲು. ಮೊಣಕಾಲು ಹತ್ತುವಾಗ ಸುಮ್ಮನಿದ್ದು ಇಳಿಯುವಾಗ ಗೊಣಗುತ್ತಿತ್ತು. ಸಂಜೆಯ ಹೊತ್ತಿಗೆ ಬಾಡ ಎಂಬ ಊರಿನ ಹೆಂಚಿನ ಮನೆಯೊಂದನ್ನು ಮುಟ್ಟಿದೆವು. ಎರಡು ರಾತ್ರಿ ನಮಗೆ ಅಲ್ಲೇ ಬಿಡಾರ. ಚಿರೆಕಲ್ಲಿನ ಗೋಡೆ, ತಣ್ಣನೆಯ ಜಗಲಿ, ಹಿತ್ತಲಲ್ಲಿ ತೆಂಗಿನ ಸಾಲು, ಅದರಾಚೆ ಕಡಲು. ರಾತ್ರಿಯೆಲ್ಲ ಅದು ಮೊರೆಯುತ್ತಲೇ ಇತ್ತು. ಯಂತ್ರದ ಸದ್ದಿನಲ್ಲಿ ಮಲಗಿ ಅಭ್ಯಾಸವಾದ ನನಗೆ ನಿದ್ದೆ ಚೆನ್ನಾಗಿಯೇ ಬಂತು.

ಕಡಲೆಂದರೆ ನನ್ನಂಥವರಿಗೆ ಶಾಲೆಯ ಪ್ರವಾಸ. ಎಷ್ಟೋ ಸಲ ನೋಡಿದ್ದೇನೆ ಅನ್ನಿ, ಆದರೆ ನೋಡಿದ್ದು ನೀರನ್ನಲ್ಲ, ತಲೆಗಳನ್ನು. ಬಸ್ಸು ಇಳಿದಾಗ ಎಣಿಸು, ನೀರಿಗಿಳಿದಾಗ ಎಣಿಸು, ಹೊರಬಂದಾಗ ಎಣಿಸು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ಕರಾವಳಿಯ ಮುರ್ಡೇಶ್ವರದಲ್ಲಿ ನೀರುಪಾಲಾದರಲ್ಲ, ಆ ಸುದ್ದಿ ಓದಿದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಊಟದ ಡಬ್ಬಿ ತೆರೆಯಲಿಲ್ಲ. ಬಾಡದ ತೀರದಲ್ಲಿ ಎಣಿಸಲು ಯಾರೂ ಇರಲಿಲ್ಲ. ಅಲೆ ಹೇಗೆ ಎದ್ದು, ಬಾಗಿ, ಮುರಿಯುತ್ತದೆ ಎಂಬುದನ್ನು ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಪುರಸತ್ತಿನಿಂದ ನೋಡಿದೆ.

ಆದರೆ ನಾನು ಕೂತು ನೋಡುವಾಗ ಮನೆಯೊಡತಿ ಒಲೆಯ ಮುಂದೆ ನಿಂತಿದ್ದರು. ನನ್ನದೇ ವಯಸ್ಸು. ನಸುಕಿಗೇ ಎದ್ದು ಹಂಡೆಗೆ ಉರಿ ಹಾಕುತ್ತಿದ್ದರು. ಕುಚ್ಚಲಕ್ಕಿ ಗಂಜಿ, ತಂಬುಳಿ, ಅಪ್ಪೆಹುಳಿ ಬೇಡವೆಂದರೂ ಬಡಿಸುತ್ತಿದ್ದರು. ನಾವು ನಡೆದು ಬಂದದ್ದು ಅವರಿಗೊಂದು ಒಗಟು. “ಬಸ್ಸದ್ಯಲ, ಎಂತಕೆ ನಡ್ಕಂಡ್ ಹೋಗ್ತ್ರಿ?” ಎಂದು ಎರಡು ಸಲ ಕೇಳಿದರು. ಗೋಕರ್ಣಕ್ಕೆ ಅವರು ಹೋದದ್ದೆಲ್ಲ ಬಸ್ಸಿನಲ್ಲೇ. ಗುಡ್ಡ ಹತ್ತಿ ತೀರದ ದಾರಿಯಲ್ಲಿ ಒಮ್ಮೆಯೂ ಹೋದವರಲ್ಲ. ಕಡಲೆಂದರೆ ಅವರಿಗೆ ಕಿಟಕಿಯ ಸರಳಿಗೆ ಹಿಡಿಯುವ ತುಕ್ಕು, ಮಳೆಗಾಲದಲ್ಲಿ ಒಣಗದ ಬಟ್ಟೆ.

ನಮ್ಮ ರಜೆ ಇನ್ನೊಬ್ಬಳ ದುಡಿಮೆಯ ಮೇಲೆ ನಿಂತಿದೆಯಲ್ಲ ಎಂದು ನನಗೆ ಕಸಿವಿಸಿಯಾಯಿತು. ತಟ್ಟೆ ತೊಳೆಯಲು ಹೋದೆ. ಅವರು ಕೈಯಿಂದ ಕಿತ್ತುಕೊಂಡರು. ನಾನು ನಿಮ್ಮ ಶಾಲೆಗೆ ಬಂದು ಬೋರ್ಡು ಒರೆಸಿದರೆ ನಿಮಗೆ ಸರಿಕಾಣುತ್ತದೆಯೇ ಎಂದು ನಕ್ಕರು. ಆಮೇಲೆ ಹೇಳಿದರು: ಕೋಣೆಗಳನ್ನು ಬಾಡಿಗೆಗೆ ಕೊಡುವ ಯೋಚನೆ ಅವರದೇ, ಬಂದ ಹಣ ಅವರ ಹೆಸರಿನ ಖಾತೆಗೇ ಹೋಗುತ್ತದೆ, ಮಗಳ ಕಾಲೇಜಿನ ಫೀಸು ಅದರಿಂದಲೇ. ನನ್ನ ಕನಿಕರ ಅವರಿಗೆ ಬೇಕಿರಲಿಲ್ಲ. ಬೇಕಾದದ್ದು ರಜೆ. ಅದನ್ನು ಕೊಡುವವರು ಯಾರು?

ಮೂರನೆಯ ದಿನ ನಾವು ಹೊರಟಾಗ ಅವರೂ ಒಳ್ಳೆಯ ಸೀರೆಯುಟ್ಟು ಜಗಲಿಗೆ ಬಂದರು. ನದಿಯಾಚೆ ತದಡಿಯಲ್ಲಿ ತಂಗಿಯಿದ್ದಾಳೆ, ಹುಷಾರಿಲ್ಲವಂತೆ, ನೋಡಿ ಬರಬೇಕು ಎಂದರು. ನೋಡಿದಿರಾ, ಕಾರಣ! ಅಘನಾಶಿನಿಯವರೆಗೆ ಬಸ್ಸು, ಅಲ್ಲಿಂದ ದೋಣಿ. ಶಿರಸಿಯ ಕಡೆ ಹುಟ್ಟಿ, ಎಲ್ಲಿಯೂ ಅಣೆಕಟ್ಟಿಗೆ ಸಿಲುಕದೆ, ನಡುವೆ ಉಂಚಳ್ಳಿಯಲ್ಲಿ ಧುಮುಕಿ, ಇಲ್ಲಿ ಕಡಲು ಸೇರುತ್ತಾಳೆ ಈ ನದಿ. ಸಿಹಿನೀರೂ ಉಪ್ಪುನೀರೂ ಬೆರೆಯುವ ಈ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಉಪ್ಪುನೀರಿಗೆ ಜಗ್ಗದ ಕಗ್ಗ ಎಂಬ ಭತ್ತ ಇಲ್ಲಿಯ ಗಜನಿ ಗದ್ದೆಗಳಲ್ಲಿ ಬೆಳೆಯುತ್ತದೆ. ಇಳಿತದ ಹೊತ್ತು; ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಕೆಸರಿನಿಂದ ಬೆಳಚು ಹೆಕ್ಕುತ್ತಿದ್ದರು. ನಮ್ಮ ಮನೆಯೊಡತಿ ದೋಣಿಯಿಂದ ಕೈ ಇಳಿಬಿಟ್ಟು ನೀರನ್ನು ಸೀಳುತ್ತ ಕೂತಿದ್ದರು. ತಂಗಿಗೆ ಅಂಥ ಕಾಯಿಲೆಯೇನೂ ಇರಲಿಕ್ಕಿಲ್ಲ ಎಂದು ಆ ಕೈ ನೋಡಿ ನನಗೆ ಅನಿಸಿತು.

ತದಡಿಯಿಂದ ಮುಂದೆ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್ ದಾಟಿ, ಬಂಡೆಗಳ ನಡುವಿನ ಕಾಲುದಾರಿಯಲ್ಲಿ ಏದುಸಿರು ಬಿಡುತ್ತ ಓಂ ಬೀಚಿಗೆ ಇಳಿದೆವು. ಅಲ್ಲಿ ಒಂದು ಶಾಲೆಯ ಮಕ್ಕಳು. ಪಾದ ಮುಳುಗುವಷ್ಟೇ ನೀರಿನಲ್ಲಿ ಸಾಲಾಗಿ ನಿಂತಿದ್ದರು. ಕತ್ತಿನಲ್ಲಿ ಸೀಟಿ, ಕೈಯಲ್ಲಿ ಹೆಸರಿನ ಪಟ್ಟಿ ಹಿಡಿದ ಎಳೆಯ ಶಿಕ್ಷಕಿಯೊಬ್ಬಳು ಕಡಲಿಗೆ ಬೆನ್ನು ತಿರುಗಿಸಿ ಅವರನ್ನು ಎಣಿಸುತ್ತಿದ್ದಳು. ಜೊತೆಗಿದ್ದ ಮೇಷ್ಟರು ಸಾಲಿನ ಆ ತುದಿಯಲ್ಲಿ. ಅವಳ ಚಪ್ಪಲಿಗೆ ಇನ್ನೂ ನೀರು ಸೋಕಿರಲಿಲ್ಲ. ನಾವು ನಾಲ್ವರೂ ಚೀಲ ಇಳಿಸಿ, ನಮ್ಮ ಕಸುಬು ಹೇಳಿ, ಈ ತುದಿಯಿಂದ ಸಾಲಾಗಿ ನಿಂತೆವು. “ಹೋಗಮ್ಮ, ಐದು ನಿಮಿಷ ಕಾಲು ತೊಯಿಸಿಕೊಂಡು ಬಾ. ನಾವಿದ್ದೇವೆ” ಎಂದೆ. ಅವಳು ಅನುಮಾನಿಸಿದಳು. ಮೇಷ್ಟರನ್ನು ನೋಡಿದಳು. ಕೊನೆಗೆ ಚಪ್ಪಲಿ ಬಿಟ್ಟು, ಸೀಟಿಯನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಮಕ್ಕಳು ನಲವತ್ತೊಂದು. ಅವಳು ತಿರುಗಿ ಬರುವವರೆಗೆ ಮೂರು ಸಲ ಎಣಿಸಿದೆ.